ಹೊಳೆ ಬತ್ತಿದಾಗಲೂ ನಿಲ್ಲದ ವಿದ್ಯುತ್: ಮಲೆನಾಡಿನಿಂದ ಕೈಗಾದ ಕಡೆಗೆ

ಸಕಲೇಶಪುರ, ಮೂಡಿಗೆರೆ ಭಾಗದ ರೊಬಸ್ಟಾ ಕಾಫಿ ಬೆಳೆಗಾರರಿಗೆ ಕರೆಂಟಿನ ಬೆಲೆ ಚೆನ್ನಾಗಿ ತಿಳಿಯುವುದು ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ. ಹೂಮಳೆ ಕೈಕೊಟ್ಟರೆ ಕೆರೆಯ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಹಾರಿಸಿ ಗಿಡವನ್ನು ಹೂವಿಗೆ ತರಬೇಕು, ಕೆಲವೇ ವಾರಗಳಲ್ಲಿ ಬ್ಯಾಕಿಂಗ್‌ಗೆಂದು, ಅಂದರೆ ಹೂವು ಕಾಯಿಕಟ್ಟಲೆಂದು, ಮತ್ತೊಮ್ಮೆ ನೀರು ಕೊಡಬೇಕು. ಆಗ ತ್ರೀ ಫೇಸ್ ವಿದ್ಯುತ್ ಇಲ್ಲದಿದ್ದರೆ ಡೀಸೆಲ್ ಸುಡದೆ ಗತ್ಯಂತರವಿಲ್ಲ. ರಾಜ್ಯದ ಜಲಾಶಯಗಳು ಇಳಿಯುವುದೂ ವಿದ್ಯುತ್ ಬೇಡಿಕೆ ಏರುವುದೂ ಇದೇ ದಿನಗಳಲ್ಲಿ.

ಈ ಕೊರತೆಗೆ ಇತಿಹಾಸವಿದೆ. 1902ರ ಶಿವನಸಮುದ್ರ, 1948ರ ಜೋಗ, 1964ರ ಲಿಂಗನಮಕ್ಕಿ ಎಂದು ಕರ್ನಾಟಕ ಬಹುಕಾಲ ಹೊಳೆಗಳನ್ನೇ ನಂಬಿತ್ತು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರ ಬಂದ ಮೇಲೆ ಮಳೆಯ ಚಿಂತೆ ಸ್ವಲ್ಪ ತಗ್ಗಿತಾದರೂ, ಕಲ್ಲಿದ್ದಲನ್ನು ಹೊರರಾಜ್ಯಗಳಿಂದ ರೈಲಿನಲ್ಲಿ ತರಿಸುವ ಚಿಂತೆ ಹೊಸದಾಗಿ ಸೇರಿಕೊಂಡಿತು. ಜಲವಿದ್ಯುತ್ತಿಗಾಗಿ ಮಲೆನಾಡು ಕಾಡನ್ನೂ ಊರುಗಳನ್ನೂ ತೆತ್ತಿದೆ. ಸಕಲೇಶಪುರ ತಾಲ್ಲೂಕಿನ ಗುಂಡ್ಯ ಯೋಜನೆ ಬೇಡವೆಂದು ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮಘಟ್ಟ ಸಮಿತಿ 2011ರಲ್ಲಿ ಹೇಳಿದ್ದು ಪರಿಸರಕ್ಕೂ ಜೀವವೈವಿಧ್ಯಕ್ಕೂ ಆಗುವ ಹಾನಿಯ ಕಾರಣಕ್ಕೇ.

ಕಾಳಿ ನದಿಯ ದಂಡೆಯ ಕೈಗಾ ಅಣುವಿದ್ಯುತ್ ಸ್ಥಾವರ ಈ ಸರಣಿಯಲ್ಲಿ ಬೇರೆಯೇ ಆಗಿ ನಿಲ್ಲುತ್ತದೆ. 1989ರಲ್ಲಿ ನಿರ್ಮಾಣ ಆರಂಭವಾಗಿ, 2000ದಲ್ಲಿ ಮೊದಲ ಎರಡು ಘಟಕಗಳೂ 2011ರ ವೇಳೆಗೆ ನಾಲ್ಕನೆಯದೂ ವಿದ್ಯುತ್ ಕೊಡತೊಡಗಿದವು. ತಲಾ 220ರಂತೆ ಒಟ್ಟು 880 ಮೆಗಾವಾಟ್. ಇಲ್ಲಿನ ಭಾರಜಲ ರಿಯಾಕ್ಟರುಗಳಿಗೆ ಸಂವರ್ಧಿಸದ, ಅಂದರೆ ಗಣಿಯಲ್ಲಿ ಸಿಗುವ ಸಾಂದ್ರತೆಯಲ್ಲೇ ಇರುವ, ನೈಸರ್ಗಿಕ ಯುರೇನಿಯಂ ಸಾಕು, ಮತ್ತು ಯಂತ್ರ ಓಡುತ್ತಿರುವಾಗಲೇ ಹಳೆಯ ಇಂಧನದ ಕಂತೆಯನ್ನು ತೆಗೆದು ಹೊಸದನ್ನು ಸೇರಿಸಬಹುದು. 2018ರ ಡಿಸೆಂಬರ್ 31ರವರೆಗೆ ಒಂದನೇ ಘಟಕ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆ ಬರೆದದ್ದು ಈ ಗುಣದಿಂದ. ನಡುವೆ ಬಂದ ಬೇಸಿಗೆಗಳು ಅದನ್ನು ತಡೆಯಲಿಲ್ಲ ಎಂಬುದೇ ನಮಗೆ ಮುಖ್ಯ.

ಇಂಧನದ ಪ್ರಮಾಣವನ್ನೂ ಗಮನಿಸಬೇಕು. ಇಂಥ ಒಂದು ಘಟಕ ವರ್ಷವಿಡೀ ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಬೇಕಾಗುವ ಯುರೇನಿಯಂ ಸುಮಾರು 40 ಟನ್. ಅಷ್ಟೇ ವಿದ್ಯುತ್ತಿಗೆ ನಮ್ಮ ದೇಶದ ಕಲ್ಲಿದ್ದಲು ಹತ್ತು ಲಕ್ಷ ಟನ್ನಿಗೂ ಹೆಚ್ಚು ಬೇಕು, ಅದರ ಹಾರುಬೂದಿ ಬೇರೆ. ಗಣಿಯಿಂದ ಹಿಡಿದು ಎಲ್ಲವನ್ನೂ ಸೇರಿಸಿ ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿ 2014ರಲ್ಲಿ ಮಾಡಿದ ಲೆಕ್ಕದಲ್ಲಿ ಪ್ರತಿ ಯೂನಿಟ್‌ಗೆ ಹೊರಬೀಳುವ ಇಂಗಾಲದ ಡೈಆಕ್ಸೈಡಿನ ಮಧ್ಯಮ ಅಂದಾಜು ಕಲ್ಲಿದ್ದಲಿಗೆ 820 ಗ್ರಾಂ, ಅಣುವಿದ್ಯುತ್ತಿಗೆ 12 ಗ್ರಾಂ. ಮಳೆಗಾಲದ ಏರುಪೇರಿಗೆ ಫಸಲನ್ನು ಕಳೆದುಕೊಳ್ಳುತ್ತಿರುವ ಕಾಫಿ ನಾಡಿಗೆ ಇದು ದೂರದ ಮಾತಲ್ಲ.

ಆತಂಕಗಳು ನಿರಾಧಾರವಲ್ಲ. 1994ರಲ್ಲಿ ನಿರ್ಮಾಣ ಹಂತದಲ್ಲಿದ್ದ ಕೈಗಾದಲ್ಲಿ ರಿಯಾಕ್ಟರನ್ನು ಮುಚ್ಚುವ ಕಾಂಕ್ರೀಟ್ ಗುಮ್ಮಟದ ಒಳಪದರ ಕುಸಿಯಿತು, ಬಳಿಕ ವಿನ್ಯಾಸವನ್ನೇ ಬದಲಿಸಬೇಕಾಯಿತು. ಚೆರ್ನೋಬಿಲ್, ಫುಕುಶಿಮಾಗಳ ನೆನಪೂ ಮಾಸಿಲ್ಲ. ಬಳಸಿದ ಇಂಧನವನ್ನು ತಲೆಮಾರುಗಳ ಕಾಲ ಕಾಯಬೇಕು, ಆದರೆ ಅದರ ಗಾತ್ರ ಚಿಕ್ಕದು, ಇರುವ ಜಾಗ ಗೊತ್ತಿರುತ್ತದೆ. ಚಿಮಣಿಯ ಹೊಗೆಯ ಬಗ್ಗೆ ಹಾಗೆ ಹೇಳಲಾಗದು.

ಕೈಗಾದಲ್ಲಿಯೇ ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳನ್ನು ಯೋಜಿಸಲಾಗಿದೆ. ಇದೇ ಮಾದರಿಯ ಎರಡು ಘಟಕಗಳು ಗುಜರಾತಿನ ಕಾಕ್ರಾಪಾರದಲ್ಲಿ ಈಗಾಗಲೇ ನಡೆಯುತ್ತಿವೆ. ಸುತ್ತಲಿನ ಊರಿನವರ ಆರೋಗ್ಯದ ಪ್ರಶ್ನೆಗಳಿಗೆ ತೆರೆದ ಅಂಕಿಅಂಶಗಳೊಂದಿಗೆ ಉತ್ತರಿಸಿ ಇವನ್ನು ಪೂರ್ಣಗೊಳಿಸಿದರೆ, ಹೊಸ ಅಣೆಕಟ್ಟಿಲ್ಲದೆಯೇ 1,400 ಮೆಗಾವಾಟ್ ಬೇಸಿಗೆಯಲ್ಲೂ ಗ್ರಿಡ್ಡಿಗೆ ದೊರೆಯುತ್ತದೆ.