ಹದಿಮೂರರಲ್ಲಿ ಬರುವ ಹೊಣೆ: ಯಹೂದಿ ಹದಿಹರೆಯದವರ ನಾಯಕತ್ವದ ಬಗ್ಗೆ ಟಿಪ್ಪಣಿ

ಅಮೆರಿಕದ ಯಹೂದಿ ಯುವಸಂಘಟನೆಗಳ ಬಗ್ಗೆ ಓದುವಾಗ ನಾನು ಎಡವಿದ್ದು ಬಾರ್ ಮಿಟ್ಸ್ವಾ ಎಂಬ ಒಂದೇ ಪದದಲ್ಲಿ. ಅದು ತಿಳಿಯಾಗುವವರೆಗೆ ಉಳಿದದ್ದು ತಲೆಗೆ ಹತ್ತಲಿಲ್ಲವಾದ್ದರಿಂದ ಅದನ್ನೇ ಮೊದಲು, ಸ್ವಲ್ಪ ಹೆಚ್ಚಾಗಿಯೇ ಬರೆಯುತ್ತಿದ್ದೇನೆ.

ಬಾರ್ ಮಿಟ್ಸ್ವಾ ಎಂದರೆ ಯಹೂದಿಗಳ ಉಪನಯನ ಎಂದು ಪುಸ್ತಕದ ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದೆ. ಈ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ. ಉಪನಯನ ಒಂದು ಸಂಸ್ಕಾರ. ಅದು ನಡೆಯದೆ ಹುಡುಗನಿಗೆ ಗಾಯತ್ರಿಯ ಅಧಿಕಾರ ಬರುವುದಿಲ್ಲ. ಬಾರ್ ಮಿಟ್ಸ್ವಾದಲ್ಲಿ ಅಧಿಕಾರ ಕೊಡುವುದು ವಯಸ್ಸೇ ಹೊರತು ಸಮಾರಂಭವಲ್ಲ. 'ಬಾರ್' ಎಂದರೆ ಅರಮಾಯಿಕ್ ಭಾಷೆಯಲ್ಲಿ ಮಗ, 'ಮಿಟ್ಸ್ವಾ' ಎಂದರೆ ವಿಧಿ. ಹದಿಮೂರು ವರ್ಷ ತುಂಬಿದ ಹುಡುಗನು, ಊಟ ಹಾಕಿಸಿದರೂ ಹಾಕಿಸದಿದ್ದರೂ, ಧರ್ಮಶಾಸ್ತ್ರದ ವಿಧಿಗಳಿಗೆ ತಾನೇ ಹೊಣೆಗಾರನಾಗುತ್ತಾನೆ. ಹುಡುಗಿಯರಿಗೆ ಸಾಂಪ್ರದಾಯಿಕವಾಗಿ ಹನ್ನೆರಡಕ್ಕೇ ಆ ಹೊಣೆ ಬರುತ್ತದೆ. ಅದರ ಹೆಸರು ಬಾತ್ ಮಿಟ್ಸ್ವಾ. ಹೊಣೆ ಹಳೆಯದಾದರೂ ಅದನ್ನು ಯಹೂದಿ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಬಹಿರಂಗವಾಗಿ ಆಚರಿಸುವುದು ತೀರ ಈಚಿನದು: ಅಮೆರಿಕದಲ್ಲಿ 1922ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಜೂಡಿತ್ ಕ್ಯಾಪ್ಲನ್ ಅವರದ್ದನ್ನೇ ಮೊದಲನೆಯದೆಂದು ಎಣಿಸುತ್ತಾರೆ.

ನನಗೆ ವಿಷಯ ಅರ್ಥವಾದದ್ದು ಎಣಿಕೆಯ ಮೂಲಕ. ಸಾಮೂಹಿಕ ಪ್ರಾರ್ಥನೆಗೆ ಹತ್ತು ವಯಸ್ಕರು ಬೇಕು. ಈ ಹತ್ತರ ಕೂಟಕ್ಕೆ ಮಿನ್ಯಾನ್ ಎನ್ನುತ್ತಾರೆ. ಕಟ್ಟಾ ಸಂಪ್ರದಾಯದ ಆರ್ಥೊಡಾಕ್ಸ್ ಪಂಥದಲ್ಲಿ ಗಂಡಸರನ್ನಷ್ಟೇ ಎಣಿಸುತ್ತಾರೆ; ಉದಾರ ಪಂಥಗಳಲ್ಲಿ ಹೆಂಗಸರನ್ನೂ ಎಣಿಸುತ್ತಾರೆ. ಸಾವಾದ ಒಂದು ಮನೆಯಲ್ಲಿ ಒಂಬತ್ತು ಮಂದಿ ಸೇರಿದ್ದಾರೆ ಎಂದುಕೊಳ್ಳೋಣ. ಹತ್ತನೆಯವರಿಲ್ಲದೆ ಮಗ ತೀರಿಕೊಂಡ ತಂದೆಗಾಗಿ ಕದ್ದಿಶ್ ಎಂಬ ಪ್ರಾರ್ಥನೆ ಹೇಳುವಂತಿಲ್ಲ. ಆಗ ಪಕ್ಕದ ಮನೆಯ, ಹೋದ ವಾರ ಹದಿಮೂರು ತುಂಬಿದ ಹುಡುಗ ಶಾಲೆಯ ಚೀಲದೊಂದಿಗೇ ಒಳಗೆ ಬಂದರೆ ಪ್ರಾರ್ಥನೆ ಆರಂಭವಾಗುತ್ತದೆ. ಅವನು ಏನೂ ಮಾಡಬೇಕಾಗಿಲ್ಲ, ಅಲ್ಲಿ ಇದ್ದರೆ ಸಾಕು. ಹೋದ ತಿಂಗಳು ಇದೇ ಹುಡುಗ ಬಂದಿದ್ದರೂ ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

ಸಮಾರಂಭದಲ್ಲಿ ಹುಡುಗ ಯಹೂದಿ ಧರ್ಮಗ್ರಂಥವಾದ ತೋರಾದ ಸುರುಳಿಯಿಂದ ಓದುತ್ತಾನೆ. ಸುರುಳಿಯಲ್ಲಿ ಸ್ವರಚಿಹ್ನೆಗಳಿರುವುದಿಲ್ಲ, ರಾಗದ ಗುರುತೂ ಇರುವುದಿಲ್ಲ. ನಮ್ಮ ಲೆಕ್ಕದಲ್ಲಿ ಕಾಗುಣಿತವೇ ಇಲ್ಲದ ಬರಿಯ ವ್ಯಂಜನಗಳ ಸಾಲು. ಆದ್ದರಿಂದ ತಿಂಗಳುಗಟ್ಟಲೆ ಬಾಯಿಪಾಠ ನಡೆಯುತ್ತದೆ. ತೊಂದರೆ ಶುರುವಾಗುವುದು ಇಲ್ಲಿಯೇ. ಇಷ್ಟು ಸಿದ್ಧತೆಯ ಸಮಾರಂಭ ಮುಗಿದೊಡನೆ, ಹೊಣೆ ಆರಂಭವಾಗಬೇಕಾದ ದಿನವೇ ಓದು ಮುಗಿದ ದಿನವೆಂದು ಎಷ್ಟೋ ಕುಟುಂಬಗಳು ಭಾವಿಸಿ ಮಕ್ಕಳನ್ನು ಹೀಬ್ರೂ ಪಾಠಶಾಲೆಯಿಂದ ಬಿಡಿಸುತ್ತವೆ. ಹದಿಮೂರರಿಂದ ಹದಿನೆಂಟರವರೆಗಿನ ಈ ಖಾಲಿ ಜಾಗದಲ್ಲಿಯೇ ಯುವಸಂಘಟನೆಗಳು ಕೆಲಸ ಮಾಡುತ್ತವೆ.

ಸಂಘಟನೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1924ರಲ್ಲಿ ನೆಬ್ರಾಸ್ಕದ ಒಮಾಹಾದಲ್ಲಿ ಎಜೆಡ್ಎ ಎಂಬ ಹುಡುಗರ ಸಂಘಟನೆ ಹುಟ್ಟಿತು. ಹುಡುಗಿಯರ ಸಂಘಟನೆ ಅದರ ಜೊತೆ ಸೇರಿ ಇಂದಿನ ಬಿಬಿವೈಒ ಆಯಿತು. ಉದಾರವಾದಿ ರಿಫಾರ್ಮ್ ಪಂಥದ ಎನ್ಎಫ್‌ಟಿವೈ 1939ರದ್ದು, ಮಧ್ಯಮ ದಾರಿಯ ಕನ್ಸರ್ವೇಟಿವ್ ಪಂಥದ ಯುಎಸ್‌ವೈ 1951ರದ್ದು, ಆರ್ಥೊಡಾಕ್ಸ್ ಪಂಥದ ಎನ್‌ಸಿಎಸ್‌ವೈ 1954ರದ್ದು. ಎಜೆಡ್ಎ ಘಟಕದಲ್ಲಿ ಅಧ್ಯಕ್ಷನಿಗೆ ಗೊಡೋಲ್, ಕಾರ್ಯದರ್ಶಿಗೆ ಮಜ್ಕೀರ್, ಖಜಾಂಚಿಗೆ ಗಿಜ್ಬೋರ್ ಎಂಬ ಹೀಬ್ರೂ ಹೆಸರುಗಳಿವೆ. ಇವರನ್ನು ಆರಿಸುವವರು ಹದಿಹರೆಯದವರೇ. ಹದಿನಾರರ ಗಿಜ್ಬೋರ್ ಹಣದ ಲೆಕ್ಕವನ್ನು ತನ್ನ ವಯಸ್ಸಿನವರ ಮುಂದೆಯೇ ಒಪ್ಪಿಸಬೇಕು. ನನ್ನ ಅಭಿಪ್ರಾಯದಲ್ಲಿ ಇಲ್ಲಿನ ನಿಜವಾದ ಅವಕಾಶ ಇದೇ, ಭಾಷಣದ ವೇದಿಕೆಯಲ್ಲ.

ಪದಗಳನ್ನು ನೆನಪಿಡಲು ನಾನು ಕಂಡುಕೊಂಡ ಒಳದಾರಿಯನ್ನು ಹೇಳದೆ ಇರಲಾರೆ. ಹೀಬ್ರೂ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ದ-ರ-ಕ ಧಾತುವಿನಿಂದ 'ದೆರೆಖ್', ಅಂದರೆ ದಾರಿ. ಅದರಿಂದಲೇ 'ಮದ್ರಿಖ್', ಅಂದರೆ ಶಿಬಿರದಲ್ಲಿ ಕಿರಿಯರನ್ನು ನಡೆಸುವ ಹಿರಿಯ ಹುಡುಗ. ಹುಡುಗಿಯಾದರೆ 'ಮದ್ರಿಖಾ', ಅವರು ಪಡೆಯುವ ತರಬೇತಿ 'ಹದ್ರಾಖಾ'. ಕನ್ನಡದ 'ಮಾರ್ಗದರ್ಶಿ' ಇದಕ್ಕೆ ಅಳತೆಗೆ ಹೊಲಿದಂತಿದೆ. ಕಿರಿಯನು 'ಹನಿಖ್', ಆ ಪದವೂ ಹನುಕ್ಕಾ ಹಬ್ಬದ ಹೆಸರೂ ಒಂದೇ ಧಾತುವಿನವು. ಮದ್ರಿಖ್ ಶಿಕ್ಷಕನಲ್ಲ ಎಂಬುದನ್ನು ಧಾತುವೇ ನೆನಪಿಸುತ್ತದೆ: ಅವನು ಅದೇ ದಾರಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ಇರುವವನು, ಅಷ್ಟೇ.

ಸವಾಲುಗಳಲ್ಲಿ ದಿನನಿತ್ಯದ್ದು ಶನಿವಾರ. ಯಹೂದಿಗಳ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಶುಕ್ರವಾರದ ಸೂರ್ಯಾಸ್ತಕ್ಕೆ ಆರಂಭವಾಗಿ ಶನಿವಾರ ಕತ್ತಲಾದ ಮೇಲೆ ಮುಗಿಯುತ್ತದೆ. ಶಾಲೆಗಳ ಚರ್ಚಾಸ್ಪರ್ಧೆಗಳೂ ಪಂದ್ಯಗಳೂ ಹೆಚ್ಚಾಗಿ ಬೀಳುವುದು ಆ ಹೊತ್ತಿಗೇ. ಸಬ್ಬತ್ ಪಾಲಿಸುವ ಹುಡುಗಿ ಶಾಲಾ ತಂಡದ ನಾಯಕಿಯಾಗಬೇಕೆಂದರೆ ಮೊದಲು ತನ್ನ ಗೈರುಹಾಜರಿಗೆ ವಿವರಣೆ ಕೊಡಬೇಕು. ಯಹೂದಿಗಳು ಅಮೆರಿಕದ ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು ಎರಡರಷ್ಟು ಮಾತ್ರ ಇರುವುದರಿಂದ, ಸಣ್ಣ ಊರಿನ ಶಾಲೆಯಲ್ಲಿ ಅವಳೊಬ್ಬಳೇ ಇಡೀ ಸಮುದಾಯದ ಪರವಾಗಿ ಉತ್ತರಿಸಬೇಕಾಗಿ ಬರುತ್ತದೆ.

ಎರಡನೆಯದು ಭಯ. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗ್‌ನ ಸಿನಗಾಗ್‌ನಲ್ಲಿ ಹನ್ನೊಂದು ಮಂದಿ ಗುಂಡಿಗೆ ಬಲಿಯಾದರು. ಹಮಾಸ್ 2023ರ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ನಡೆಸಿದ ದಾಳಿ ಮತ್ತು ಅದರ ಬೆನ್ನಿಗೆ ಬಂದ ಗಾಜಾ ಯುದ್ಧದ ನಂತರ ಕುತ್ತಿಗೆಯಲ್ಲಿ ಯಹೂದಿ ಗುರುತಾದ ದಾವೀದನ ನಕ್ಷತ್ರ ಧರಿಸಿ ಶಾಲೆಗೆ ಹೋಗುವುದೂ ಯೋಚಿಸಿ ಮಾಡಬೇಕಾದ ನಿರ್ಧಾರವಾಯಿತು. ಅದೇ ಯುದ್ಧ ಸಮುದಾಯದ ಒಳಗೂ ಭಿನ್ನಾಭಿಪ್ರಾಯ ತಂದಿದೆ. ಇಸ್ರೇಲಿನ ವಿಷಯದಲ್ಲಿ ತಂದೆತಾಯಿಗಳೇ ಎದುರುಬದುರಾಗಿರುವ ಮನೆಗಳ ಮಕ್ಕಳು ಒಂದೇ ಘಟಕದಲ್ಲಿ ಸೇರಿರುವಾಗ ಸಭೆ ನಡೆಸುವ ಹದಿನೇಳರ ಗೊಡೋಲ್, ಯಾರನ್ನೂ ಎದ್ದುಹೋಗದಂತೆ ಕೂರಿಸಿಕೊಂಡು ಮುಂದಿನ ಶುಕ್ರವಾರದ ಊಟಕ್ಕೆ ಯಾರು ಏನು ತರಬೇಕೆಂಬ ಪಟ್ಟಿಯನ್ನೂ ಮುಗಿಸಬೇಕು.