ರಿವರ್‌ನಲ್ಲಿ ರೇಸ್ ಬಂತು: ಕಾಲ್ ಮಾಡ್ಬೇಕಾ, ಬಿಡ್ಬೇಕಾ?

ನನ್ನ ಹತ್ತಿರ ಪೋಕರ್ ಕಲಿಯುವವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಸರ್, ನನ್ನ ಹತ್ರ ಎಕ್ಕ-ರಾಜ ಇತ್ತು, ಎದುರಿನವರು ರೇಸ್ ಮಾಡಿದ್ರು, ಹೇಗೆ ಬಿಡೋದು?" ರೇಸ್ ಅಂದರೆ ಬೆಟ್‌ನ ಮೇಲೆ ಮೊತ್ತ ಏರಿಸುವುದು, ಕಾಲ್ ಅಂದರೆ ಅಷ್ಟೇ ಹಾಕಿ ಎಲೆ ತೋರಿಸಲು ಉಳಿಯುವುದು, ರಿವರ್ ಅಂದರೆ ಮೇಜಿನ ಮೇಲೆ ಎಲ್ಲರಿಗೂ ಸೇರಿ ಬೀಳುವ ಐದು ಎಲೆಗಳಲ್ಲಿ ಕೊನೆಯದು. ಕೈಯಲ್ಲಿರುವ ಎರಡು ಎಲೆ ಎಷ್ಟು ಚೆನ್ನಾಗಿವೆ ಅನ್ನೋದರ ಮೇಲೆ ಇದು ನಿರ್ಧಾರವಾಗುವುದಿಲ್ಲ. ಕಾಲ್‌ಗೆ ಎಷ್ಟು ಹಾಕಬೇಕು ಮತ್ತು ಎದುರಿನವರು ಇದೇ ರೇಸನ್ನು ಯಾವ ಯಾವ ಎಲೆಗೆ ಮಾಡುತ್ತಾರೆ, ನೋಡಬೇಕಾದ್ದು ಇವೆರಡನ್ನು.

ಮೊದಲನೆಯದು ಸುಲಭ. ಪಾಟ್‌ನಲ್ಲಿ, ಅಂದರೆ ಮೇಜಿನ ಮಧ್ಯೆ ಕೂಡಿದ ದುಡ್ಡಿನಲ್ಲಿ, 1000 ಇದೆ, ನೀವು 500 ಬೆಟ್ ಮಾಡಿದಿರಿ, ಅವರು 1500ಕ್ಕೆ ಏರಿಸಿದರು. ನೀವು ಇನ್ನೂ 1000 ಹಾಕಬೇಕು, ಗೆದ್ದರೆ ಮೇಜಿನ ಮೇಲಿರುವ 3000 ನಿಮ್ಮದು. ಮೂರು ಸಲ ಸೋತು ಒಂದೇ ಸಲ ಗೆದ್ದರೂ ಲೆಕ್ಕ ಸಮ, ಅಂದರೆ ಶೇ 25 ಸಾಕು. ಆಗಲೇ ಹಾಕಿದ 500ರ ಆಸೆಗೆ ಕಾಲ್ ಮಾಡಬೇಡಿ. ಅದು ಈಗ ಪಾಟ್‌ನ ದುಡ್ಡು.

ಎರಡನೆಯದರಲ್ಲೇ ಆಟ ಇರೋದು. ಮೇಜಿನ ಮೇಲೆ ಕಳಾವರ್ ರಾಜ, ಆಟೀನ್ ಎಂಟು, ಆಟೀನ್ ಏಳು, ಇಸ್ಪೀಟ್ ಎರಡು, ಕೊನೆಗೆ ಡೈಮನ್ ಮೂರು ಬಿದ್ದಿದೆ ಅಂತಿಟ್ಟುಕೊಳ್ಳಿ. ನಿಮ್ಮ ಎಕ್ಕ-ರಾಜ ಈಗ ರಾಜರ ಜೋಡಿ, ಅದನ್ನು ಸೋಲಿಸುವ ಎಲೆಗಳನ್ನು ಎಣಿಸಿ. ಎಂಟರ ಸೆಟ್ (ಕೈಯಲ್ಲಿ ಎರಡು, ಮೇಜಿನದು ಸೇರಿ ಮೂರು ಎಂಟು) 3 ರೀತಿ, ಏಕೆಂದರೆ ಒಂದು ಎಂಟು ಆಗಲೇ ಬಿದ್ದಿದೆ, ಉಳಿದ ಮೂರರಲ್ಲಿ ಎರಡು ಅವರ ಕೈಗೆ ಬರಬೇಕು. ಏಳರ ಸೆಟ್ 3, ಎರಡರ ಸೆಟ್ 3. ಒಂದೇ ಬಣ್ಣದ (ಎರಡೂ ಇಸ್ಪೀಟ್, ಎರಡೂ ಕಳಾವರ್, ಹೀಗೆ) ಎಂಟು-ಏಳು ಇನ್ನೊಂದು 3. ಬೇರೆ ಕೆಲವೂ ಸೇರಬಹುದು, ಸದ್ಯಕ್ಕೆ 12 ಅಂತ ಹಿಡಿಯೋಣ. ಹಾಗಾದರೆ ಕಾಲ್ ಲೆಕ್ಕಕ್ಕೆ ಕೂರಬೇಕಾದರೆ ಅವರ ಹತ್ತಿರ ಕನಿಷ್ಠ 4 ಬ್ಲಫ್ (ಗೆಲ್ಲುವ ಎಲೆ ಇಲ್ಲದೆ ಹೆದರಿಸಲು ಏರಿಸುವ ಕೈ) ಇರಬೇಕು, 16ಕ್ಕೆ 4 ಅಂದರೆ ಶೇ 25. ಒಂದೇ ಬಣ್ಣದ ಹತ್ತು-ಒಂಬತ್ತು ಸರಿಯಾಗಿ 4 ರೀತಿ ಬರುತ್ತದೆ, ಸ್ಟ್ರೇಟ್ (ಸಾಲಾಗಿ ಐದು ಅಂಕಿ) ಆಗದೆ ಉಳಿದ ಎಲೆ. ಅದರ ಜೊತೆ ಫ್ಲಶ್ (ಒಂದೇ ಬಣ್ಣದ ಐದು ಎಲೆ) ತಪ್ಪಿದ ಆಟೀನ್‌ಗಳೂ ಇವೆ. ಕಾಗದದ ಮೇಲೆ ಬ್ಲಫ್‌ಗೆ ಬರವಿಲ್ಲ, ಅಲ್ವಾ?

ಆದರೆ ಎದುರು ಕೂತವರು ಆ ಎಲೆ ಹಿಡಿದು ನಿಜವಾಗಿ ರೇಸ್ ಮಾಡುತ್ತಾರಾ? ಸಣ್ಣ ಮೊತ್ತದ ಮೇಜುಗಳಲ್ಲಿ ನಾನು ನೋಡಿದ ಹಾಗೆ, ತಪ್ಪಿದ ಡ್ರಾ (ಒಂದು ಎಲೆಗೆ ಕಾದು ಅದು ಬಾರದೆ ಹೋದ ಕೈ) ಇಟ್ಟುಕೊಂಡು ರಿವರ್‌ನಲ್ಲಿ ಬೆಟ್‌ನ ಮೇಲೆ ಏರಿಸುವ ಧೈರ್ಯ ತುಂಬಾ ಕಡಿಮೆ ಜನಕ್ಕೆ ಇರುತ್ತದೆ. ಹೆಚ್ಚಿನವರು ಸುಮ್ನೆ ಬಿಟ್ಟುಬಿಡುತ್ತಾರೆ. ಆ 4ರಲ್ಲಿ 2 ಮಾತ್ರ ರೇಸ್ ಆದರೂ ನೀವು ಗೆಲ್ಲುವುದು 14ಕ್ಕೆ 2, ಶೇ 14ರ ಆಸುಪಾಸು. ಬಿಡಿ. ಎಕ್ಕ-ರಾಜವೇ ಆಗಿರಲಿ, ಬಿಡಿ. ಸಂಜೆಯಿಂದ ಎಲ್ಲರ ಮೇಲೂ ಏರಿಸುತ್ತಾ, ಸಿಕ್ಕಿಬಿದ್ದರೂ ನಗುತ್ತಾ ಕೂತವರು ಇದೇ ರೇಸ್ ಮಾಡಿದರೆ ಮಾತು ಬೇರೆ, ಅಲ್ಲಿ ನಾನು ಕಣ್ಣುಮುಚ್ಚಿ ಕಾಲ್ ಮಾಡುತ್ತೇನೆ.

ಇದನ್ನು ತಿಳಿಯಲು ನೀವು ಆಡದ ಕೈಗಳನ್ನೂ ಗಮನಿಸಬೇಕು. 2025ರ ಕಾನೂನು ಬಂದ ಮೇಲೆ ದುಡ್ಡಿಟ್ಟು ಆನ್‌ಲೈನ್ ಆಡುವ ಹಾಗಿಲ್ಲ. ಈಗ ಗೋವಾದ ಮೇಜಿನಲ್ಲಿ ಕೂತರೆ, ಯಾರು ಎಷ್ಟು ಸಲ ರೇಸ್ ಮಾಡಿದರು ಅಂತ ತೋರಿಸುವ ಸಾಫ್ಟ್‌ವೇರ್ ಪಕ್ಕದಲ್ಲಿ ಇರುವುದಿಲ್ಲ. ಫೋಲ್ಡ್ ಮಾಡಿ, ಅಂದರೆ ಎಲೆ ಬಿಟ್ಟು, ಫೋನ್ ನೋಡುತ್ತಾ ಕೂರುವವರಿಗೆ ರಿವರ್‌ನ ರೇಸ್ ಯಾವಾಗಲೂ ಒಗಟೇ.

ಟರ್ನ್‌ನಲ್ಲಿ, ಅಂದರೆ ನಾಲ್ಕನೇ ಎಲೆ ಬಿದ್ದ ಮೇಲೆ, ಫ್ಲಶ್‌ಗೆ ಇನ್ನೊಂದೇ ಎಲೆ ಬೇಕಿರುವಾಗ ಇದೇ ಬೆಲೆಗೆ ರೇಸ್ ಬಂದರೆ? ಕಾಣದ 46 ಎಲೆಗಳಲ್ಲಿ ನಿಮ್ಮವು 9, ಶೇ 20ಕ್ಕೂ ಸ್ವಲ್ಪ ಕಮ್ಮಿ. ಬೇಕಿರೋದು 25. ಅವರ ಮುಂದೆ ಇನ್ನೂ ಸಾಕಷ್ಟು ಚಿಪ್ಸ್ ಇದ್ದು, ಫ್ಲಶ್ ಆದ ಮೇಲೆ ಅದನ್ನು ವಸೂಲಿ ಮಾಡಬಹುದು ಅನ್ನಿಸಿದರೆ ಮಾತ್ರ ಮುಂದುವರಿಯಿರಿ. ಜೊತೆಗೆ ಆ 9ರಲ್ಲಿ ಎಲ್ಲವೂ ಒಳ್ಳೆಯವಲ್ಲ. ಮೇಲಿನ ಮೇಜಿನಲ್ಲೇ ಆಟೀನ್ ರಾಜ ಅಥವಾ ಆಟೀನ್ ಎರಡು ಬಿದ್ದರೆ ನಿಮಗೆ ಫ್ಲಶ್, ಆದರೆ ಸೆಟ್ ಹಿಡಿದವರಿಗೆ ಅದಕ್ಕಿಂತ ದೊಡ್ಡದಾದ ಫುಲ್ ಹೌಸ್ (ಮೂರು ಒಂದೇ ಅಂಕಿ, ಜೊತೆಗೊಂದು ಜೋಡಿ).

ಇನ್ನೊಂದು ಸೂಕ್ಷ್ಮ. ನಿಮ್ಮ ಕೈಯಲ್ಲಿರುವ ಎಕ್ಕ ಆಟೀನಿನದ್ದಾಗಿದ್ದರೆ, ಎಕ್ಕದ ಜೊತೆ ಫ್ಲಶ್ ತಪ್ಪಿದ ಎಲೆ ಅವರ ಹತ್ತಿರ ಇರಲು ಸಾಧ್ಯವೇ ಇಲ್ಲ. ಧೈರ್ಯ ಮಾಡಿ ಬ್ಲಫ್ ಮಾಡುವವರೂ ಜಾಸ್ತಿ ಆರಿಸೋದು ಅಂಥ ಎಲೆಗಳನ್ನೇ. ಹಾಗಾಗಿ ಇಸ್ಪೀಟ್ ಎಕ್ಕ ಇದ್ದಾಗ ಕಾಲ್ ಮಾಡಬಹುದಾದ ಜಾಗದಲ್ಲಿ, ಆಟೀನ್ ಎಕ್ಕ ಇದ್ದಾಗ ನಾನು ಫೋಲ್ಡ್ ಮಾಡುತ್ತೇನೆ.