ಹಳೇ ಕಂಪನಿ ಅಂತ ಅಡ್ವಾನ್ಸ್ ಕಟ್ಟೋ ಮುಂಚೆ: ಥಾಮಸ್ ಕುಕ್ ಮುಳುಗಿದ ಲೆಕ್ಕ

ಪ್ರತಿ ವರ್ಷ ಜನವರಿ ಫೆಬ್ರವರಿ ಬಂತು ಅಂದ್ರೆ ಟ್ಯಾಕ್ಸ್ ವಿಷಯಕ್ಕೆ ನನ್ನ ಆಫೀಸಿಗೆ ಬರೋ ಹಿರಿಯರು ಎದ್ದು ಹೋಗೋವಾಗ ಬಾಗಿಲ ಹತ್ರ ನಿಂತು ಒಂದು ಮಾತು ಕೇಳ್ತಾರೆ. "ಸಾರ್, ಯೂರೋಪ್ ಟೂರಿಗೆ ಇಬ್ರಿಗೂ ಸೇರಿ ಆರು ಲಕ್ಷ ಹೇಳ್ತಿದಾರೆ, ಈಗ್ಲೇ ಅರ್ಧ ಕಟ್ಟಿದ್ರೆ ಡಿಸ್ಕೌಂಟ್ ಅಂತೆ, ಕಟ್ಬಹುದಾ?" ಕಂಪನಿ ಹೇಗಿದೆ ಅಂತ ಕೇಳಿದ್ರೆ ಬರೋ ಉತ್ತರ ಒಂದೇ, "ತುಂಬಾ ಹಳೇ ಕಂಪನಿ ಸಾರ್." ನಮ್ಮ ಜನಕ್ಕೆ ಹಳೇದು ಅಂದ್ರೆ ನಂಬಿಕೆ, ಅದು ತಪ್ಪು ಅಂತಾನೂ ನಾನು ಹೇಳಲ್ಲ, ಆದ್ರೆ ಚಾರ್ಟರ್ಡ್ ಅಕೌಂಟೆಂಟ್ ಆಗಿ ಇಪ್ಪತ್ತು ವರ್ಷದಿಂದ ಟೂರ್ ಆಪರೇಟರ್‌ಗಳ ಲೆಕ್ಕ ನೋಡ್ತಾ ಬಂದಿರೋನಿಗೆ ಆ ಮಾತು ಕೇಳಿದಾಗೆಲ್ಲ ಬ್ರಿಟನ್ನಿನ ಟೂರ್ ಕಂಪನಿ ಥಾಮಸ್ ಕುಕ್ ನೆನಪಾಗುತ್ತೆ.

ಅದಕ್ಕಿಂತ ಹಳೇದು ಇನ್ನೇನಿರುತ್ತೆ ಹೇಳಿ. 1841ರ ಜುಲೈ 5ನೇ ತಾರೀಕು ಇಂಗ್ಲೆಂಡಿನ ಲೆಸ್ಟರ್‌ನಿಂದ ಲಫ್‌ಬರೋಗೆ ಸುಮಾರು 500 ಜನರನ್ನ ರೈಲಲ್ಲಿ ಕರ್ಕೊಂಡು ಹೋದ ಥಾಮಸ್ ಕುಕ್ ಮರದ ಕೆಲಸ ಕಲಿತ ಮನುಷ್ಯ, ಬ್ಯಾಪ್ಟಿಸ್ಟ್ ಪಂಗಡದವನು, ಕುಡಿತ ಬಿಡಿಸೋ ಚಳವಳಿಲಿ ಇದ್ದವನು. ಆ ರೈಲು ಹೋಗಿದ್ದೂ ಅಂಥದ್ದೇ ಒಂದು ಮದ್ಯಪಾನ ವಿರೋಧಿ ಸಭೆಗೆ, ತಲೆಗೆ ಒಂದು ಶಿಲ್ಲಿಂಗ್. ಅಲ್ಲಿಂದ ಬೆಳೆದು 1872ರಲ್ಲಿ ಜನರನ್ನ ಪ್ರಪಂಚ ಸುತ್ತಿಸೋಕೆ ಹೊರಟ್ರು, 1881ಕ್ಕೆ ಬಾಂಬೆಲಿ ಆಫೀಸ್ ತೆಗೆದ್ರು, ಎರಡನೇ ಮಹಾಯುದ್ಧ ಆದ್ಮೇಲೆ ಸರ್ಕಾರದ ಕೈಗೆ ಹೋಗಿ 1972ರಲ್ಲಿ ಮತ್ತೆ ಖಾಸಗಿ ಆಯ್ತು. ಎರಡು ಮಹಾಯುದ್ಧ ದಾಟಿ ಬಂದ ಕಂಪನಿ 2019ರ ಸೆಪ್ಟೆಂಬರ್ 23ರ ಸೋಮವಾರ ಬೆಳಗಿನ ಜಾವ ಒಂದು ಪ್ರಕಟಣೆ ಕೊಟ್ಟು ಬಾಗಿಲು ಹಾಕ್ತು. ಅವತ್ತು ಅವರ ಟೂರಲ್ಲಿ ಬೇರೆ ಬೇರೆ ದೇಶದಲ್ಲಿದ್ದ ಜನ ಸುಮಾರು 6 ಲಕ್ಷ, ಅದರಲ್ಲಿ ಬ್ರಿಟನ್ನಿನವರೇ ಒಂದೂವರೆ ಲಕ್ಷ. ಕೆಲಸ ಮಾಡ್ತಿದ್ದವರು 21,000 ಜನ, ಎಷ್ಟೋ ಜನಕ್ಕೆ ಕೆಲಸ ಹೋಗಿದ್ದು ನ್ಯೂಸ್ ನೋಡಿ ಗೊತ್ತಾಗಿದ್ದು.

ಅವತ್ತು ನಂಗೂ ಫೋನ್ ಮೇಲೆ ಫೋನ್. ಎಂ.ಜಿ. ರೋಡಲ್ಲಿ ಬುಕ್ ಮಾಡಿದೀವಿ, ನಮ್ಮ ದುಡ್ಡು ಹೋಯ್ತಾ ಅಂತ. ಇಲ್ಲ, ಇಲ್ಲಿನ ಥಾಮಸ್ ಕುಕ್ ಇಂಡಿಯಾ ಬೇರೆ ಕಂಪನಿ, 2012ರಲ್ಲೇ ಅದನ್ನ ಕೆನಡಾದ ಫೇರ್‌ಫ್ಯಾಕ್ಸ್‌ಗೆ ಮಾರಿದ್ರು, ಹೆಸರು ಒಂದೇ ಅಷ್ಟೆ. ಆಮೇಲೆ ಇಲ್ಲಿನವರು ಆ ಹೆಸರಿನ ಹಕ್ಕನ್ನೂ ಕೊಂಡ್ಕೊಂಡ್ರು. ಆದ್ರೆ ಗೋವಾದವರಿಗೆ ಪೆಟ್ಟು ನೇರವಾಗೇ ಬಿತ್ತು, ಬ್ರಿಟನ್ನಿಂದ ಚಳಿಗಾಲಕ್ಕೆ ಬರ್ತಿದ್ದ ಥಾಮಸ್ ಕುಕ್ ವಿಮಾನ ಆ ಸೀಸನ್ ಬರ್ಲೇ ಇಲ್ಲ, ಅದನ್ನೇ ನಂಬಿದ್ದ ಹೋಟೆಲ್ಲು, ಟ್ಯಾಕ್ಸಿಯವರು, ಬೀಚ್ ಶ್ಯಾಕ್‌ನವರು ಅಕ್ಟೋಬರ್‌ಗೆ ಸರಿಯಾಗಿ ಕೈ ಕಟ್ಟಿ ಕೂತ್ಕೋಬೇಕಾಯ್ತು.

ಯಾಕೆ ಮುಳುಗ್ತು ಅಂದ್ರೆ ಟಿವಿಲಿ ಬ್ರೆಕ್ಸಿಟ್ ಅಂದ್ರು, 2018ರಲ್ಲಿ ಯೂರೋಪಲ್ಲೇ ಬಿಸಿಲು ಜಾಸ್ತಿ ಇದ್ದಿದ್ರಿಂದ ಜನ ಸ್ಪೇನ್ ಗ್ರೀಸ್‌ಗೆ ಹೋಗ್ಲಿಲ್ಲ ಅಂದ್ರು, ಎಲ್ಲರೂ ಮೊಬೈಲಲ್ಲೇ ಟಿಕೆಟ್ಟು ಹೋಟೆಲ್ಲು ಬುಕ್ ಮಾಡ್ಕೋತಾರೆ ಬೀದಿ ಬೀದಿಲಿ 500ಕ್ಕೂ ಹೆಚ್ಚು ಅಂಗಡಿ ಯಾಕೆ ಬೇಕಿತ್ತು ಅಂದ್ರು. ಇವೆಲ್ಲ ನಿಜಾನೇ. ಆದ್ರೆ ಇದೇ ಬಿಸಿಲು ಇದೇ ಬ್ರೆಕ್ಸಿಟ್ಟು ಪಕ್ಕದ ಕಂಪನಿಗಳಿಗೂ ಇತ್ತು, ಅವು ನಿಂತ್ಕೊಂಡ್ವು. ನನ್ನ ಪ್ರಕಾರ ರೋಗ ಶುರುವಾಗಿದ್ದು 2007ರಲ್ಲಿ, ಮೈಟ್ರಾವೆಲ್ ಅನ್ನೋ ಇನ್ನೊಂದು ದೊಡ್ಡ ಕಂಪನಿ ಜೊತೆ ವಿಲೀನ ಆದಾಗ. ಇಲ್ಲಿ ಗುಡ್‌ವಿಲ್ ಅನ್ನೋ ಪದ ಅರ್ಥ ಮಾಡ್ಕೋಬೇಕು. ಗಾಂಧಿ ಬಜಾರಲ್ಲಿ ಒಂದು ದರ್ಶಿನಿ ಕೊಂಡ್ರಿ ಅನ್ಕೊಳ್ಳಿ, ಒಲೆ ಗ್ರೈಂಡರ್ ಪಾತ್ರೆ ಟೇಬಲ್ ಎಲ್ಲ ಸೇರಿ 20 ಲಕ್ಷದ್ದು, ನೀವು ಕೊಟ್ಟಿದ್ದು 80 ಲಕ್ಷ. ಮಿಕ್ಕ 60 ಲಕ್ಷ ಆ ಹೆಸರಿಗೆ, ದಿನಾ ಬೆಳಿಗ್ಗೆ ಬಂದು ಕಾಫಿ ಕುಡಿಯೋ ಗಿರಾಕಿಗೆ. ಅದನ್ನ ನಾವು ಲೆಕ್ಕದಲ್ಲಿ ಆಸ್ತಿ ಅಂತಾನೇ ಬರೀತೀವಿ. ಗಿರಾಕಿ ಬರೋದು ನಿಂತ್ರೆ ಆ 60 ಲಕ್ಷ ಕಾಗದದ ಮೇಲೆ ಮಾತ್ರ ಇರುತ್ತೆ, ಅದನ್ನ ಪ್ರತಿ ವರ್ಷ ಪರೀಕ್ಷೆ ಮಾಡಿ ಇನ್ನು ಬಾಳಲ್ಲ ಅನ್ನಿಸಿದ್ರೆ ತೆಗೆದು ಹಾಕಬೇಕು. ಥಾಮಸ್ ಕುಕ್ ಹಾಗೆ ತೆಗೆದು ಹಾಕಿದ್ದು 2019ರ ಮೇ ತಿಂಗಳಲ್ಲಿ, ಒಂದೇ ಸಲ 110 ಕೋಟಿ ಪೌಂಡ್! ಆರು ತಿಂಗಳ ನಷ್ಟ ಹತ್ರ ಹತ್ರ 150 ಕೋಟಿ ಪೌಂಡ್ ಅಂತ ತೋರಿಸಿದ್ರಲ್ಲ, ಅದರಲ್ಲಿ ಮುಕ್ಕಾಲು ಪಾಲು ಇದೇ. ಹನ್ನೆರಡು ವರ್ಷ ಅದು ಆಸ್ತಿ ಅಂತ ಪುಸ್ತಕದಲ್ಲಿ ಕೂತಿತ್ತು. ಮುಳುಗೋ ಹಿಂದಿನ ವರ್ಷಗಳ ಆಡಿಟ್‌ನಲ್ಲಿ ಈ ಗುಡ್‌ವಿಲ್ ಅಂದಾಜನ್ನ ಸರಿಯಾಗಿ ಪ್ರಶ್ನೆ ಮಾಡಲಿಲ್ಲ ಅಂತ ಅಲ್ಲಿನ ನಿಯಂತ್ರಕರು 2025ರಲ್ಲಿ ಆಡಿಟ್ ಫರ್ಮಿಗೆ ದಂಡ ಹಾಕಿದ್ರು. ನನ್ನದೇ ವೃತ್ತಿಯವರ ವಿಷಯ ಇದು, ನಂಗೆ ಇದು ಇವತ್ತಿಗೂ ನೋವಿನ ಸಂಗತಿ, ನಾವು ಒಂದು ಪ್ರಶ್ನೆ ಕಮ್ಮಿ ಕೇಳಿದ್ರೆ ಅದರ ಬೆಲೆ ಕೌಂಟರಲ್ಲಿ ಕೂತ ಹುಡುಗಿ ಸಂಬಳದಲ್ಲಿ ಕಟ್ತಾಳೆ.

ವಿಲೀನದ ಜೊತೆ ಸಾಲಾನೂ ಬಂತು. 2011ರಲ್ಲೇ ಒಂದು ಸಲ ಉಸಿರು ಸಿಕ್ಕಾಕೊಂಡಿತ್ತು, ಈಜಿಪ್ಟ್ ಟುನೀಶಿಯಾದಲ್ಲಿ ಗಲಾಟೆ ಆಗಿ ಟೂರಿಸ್ಟ್‌ಗಳು ಹೋಗೋದು ಬಿಟ್ಟಿದ್ರು, ಆಗ ಬ್ಯಾಂಕ್‌ಗಳು ಇನ್ನೊಂದಷ್ಟು ಸಾಲ ಕೊಟ್ಟು ಬದುಕಿಸಿದ್ವು. ಬದುಕಿಸಿದ್ವು ಅಂತೀವಿ, ಆದ್ರೆ ಸಾಲದ ಮೇಲೆ ಸಾಲ ಕೊಟ್ರೆ ಬಡ್ಡಿ ಯಾರು ಕಟ್ಟೋದು? ಆಮೇಲಿನ ವರ್ಷಗಳಲ್ಲಿ ಕಂಪನಿ ಬಡ್ಡಿ ಕಟ್ಟೋಕೇ ವರ್ಷಕ್ಕೆ 30 ಲಕ್ಷ ಹಾಲಿಡೇ ಮಾರಬೇಕು ಅಂತ ಅಲ್ಲಿನ ಪೇಪರ್‌ಗಳು ಲೆಕ್ಕ ಹಾಕಿ ಬರೆದಿದ್ವು. ಒಂದು ಪ್ಯಾಕೇಜಲ್ಲಿ ಉಳಿಯೋದೇ ಚಿಲ್ಲರೆ ಅನ್ನೋ ಈ ಬಿಸಿನೆಸ್ಸಲ್ಲಿ ಅದು ಎಷ್ಟು ದೊಡ್ಡ ಭಾರ ಅಂತ ಟೂರ್ ನಡೆಸೋರಿಗೆ ಬಿಡಿಸಿ ಹೇಳೋದೇ ಬೇಡ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಮುಳುಗಿದ್ದು ಸೆಪ್ಟೆಂಬರಲ್ಲೇ ಯಾಕೆ? ಬೇಸಿಗೆ ಸೀಸನ್ ಈಗಷ್ಟೇ ಮುಗ್ದಿದೆ, ದುಡ್ಡು ಬಂದಿರಬೇಕಲ್ವಾ ಅಂತ ಯಾರಿಗಾದ್ರೂ ಅನ್ನಿಸುತ್ತೆ. ಪ್ಯಾಕೇಜ್ ಟೂರ್ ಬಿಸಿನೆಸ್ ನಡೆಯೋ ರೀತಿ ಇಷ್ಟೇ: ಗಿರಾಕಿ ಜನವರಿಲಿ ಅಡ್ವಾನ್ಸ್ ಕಟ್ತಾನೆ, ಹೊರಡೋಕೆ ಎರಡು ತಿಂಗಳ ಮುಂಚೆ ಬಾಕಿ ಕಟ್ತಾನೆ, ಹೋಟೆಲ್‌ನವರಿಗೆ ಕಂಪನಿ ದುಡ್ಡು ಕೊಡೋದು ಗಿರಾಕಿ ಹೋಗಿ ಬಂದು ಎರಡು ಮೂರು ತಿಂಗಳಾದ ಮೇಲೆ. ಹಾಗಾಗಿ ಜೂನ್ ಹೊತ್ತಿಗೆ ಕಂಪನಿ ಬ್ಯಾಂಕ್ ಅಕೌಂಟ್ ತುಂಬಿ ತುಳುಕ್ತಿರುತ್ತೆ, ಅಕ್ಟೋಬರ್ ನವೆಂಬರ್‌ಗೆ ಜುಲೈ ಆಗಸ್ಟಿನ ಹೋಟೆಲ್ ಬಿಲ್ಲೆಲ್ಲ ಒಟ್ಟಿಗೆ ಬಂದು ಕೂರುತ್ವೆ, ಆಗ ಹೊಸ ಬುಕಿಂಗೂ ಕಮ್ಮಿ. ಕೆರೆ ಬತ್ತೋ ಕಾಲ ಅದು. ಚೀನಾದ ಫೋಸನ್ ಅನ್ನೋ ಕಂಪನಿ ಮತ್ತೆ ಸಾಲ ಕೊಟ್ಟವರು ಸೇರಿ 90 ಕೋಟಿ ಪೌಂಡ್ ಹಾಕೋಕೆ ಆಗಸ್ಟಲ್ಲಿ ಒಪ್ಪಿದ್ರು, ಆದ್ರೆ ಬ್ಯಾಂಕ್‌ಗಳು ಈ ಚಳಿಗಾಲ ದಾಟೋಕೆ ಇನ್ನೂ 20 ಕೋಟಿ ಪೌಂಡ್ ಎತ್ತಿಟ್ಟಿರಿ ಅಂದ್ವು. ಜನ ಬ್ಯಾಂಕ್‌ಗಳಿಗೆ ಬೈದ್ರು, ಆದ್ರೆ ಲೆಕ್ಕ ನೋಡೋನಾಗಿ ಹೇಳ್ತೀನಿ, ಅವರು ಕೇಳಿದ್ದು ಸರಿಯಾದ ಪ್ರಶ್ನೆನೇ, ಎಂಟು ವರ್ಷ ಲೇಟಾಗಿ ಕೇಳಿದ್ರು. ಕಂಪನಿ ಸರ್ಕಾರದ ಹತ್ರ ಹೋಯ್ತು, ಸರ್ಕಾರ ಆಗಲ್ಲ ಅಂತು. ಟೂರ್ ಮಾರೋ ಲೈಸೆನ್ಸ್ ಕೂಡ ಸೆಪ್ಟೆಂಬರ್ ಕೊನೆಗೆ ರಿನ್ಯೂ ಆಗಬೇಕಿತ್ತು. ಭಾನುವಾರ ಇಡೀ ದಿನ ಲಂಡನ್ನಲ್ಲಿ ಮಾತುಕತೆ ನಡೆದು ಏನೂ ಆಗಲಿಲ್ಲ. ಅದೇ ವೀಕೆಂಡ್ ಟುನೀಶಿಯಾದ ಹಮಾಮೆತ್ ಊರಿನ ಒಂದು ಹೋಟೆಲಲ್ಲಿ, ನಿಮ್ಮ ಕಂಪನಿ ನಮ್ಗೆ ದುಡ್ಡು ಕೊಟ್ಟಿಲ್ಲ ನೀವೇ ಕೊಡಿ ಅಂತ ಗೇಟ್ ಹಾಕಿ ಟೂರಿಸ್ಟ್‌ಗಳನ್ನ ಹೊರಗೆ ಬಿಡಲಿಲ್ಲ. ಗಿರಾಕಿಗಳು ತಿಂಗಳುಗಟ್ಟಲೆ ಹಿಂದೆನೇ ಪೂರ್ತಿ ಕಟ್ಟಿದ್ರು, ಹೋಟೆಲ್‌ಗೆ ಮಾತ್ರ ಅದು ತಲುಪಿರಲಿಲ್ಲ.

ಮಧ್ಯದಲ್ಲಿ ಆ ದುಡ್ಡು ಎಲ್ಲಿತ್ತು? ಇದನ್ನ ನಾನು ಕಲಿತಿದ್ದು ಒಬ್ಬ ಸಣ್ಣ ಟೂರ್ ಆಪರೇಟರ್ ಹತ್ರ. ಕಾಶಿ ಗಯಾ ಪ್ರಯಾಗ ಯಾತ್ರೆ ಮಾಡಿಸ್ತಿದ್ರು, ಒಳ್ಳೆ ಮನುಷ್ಯ, ಅಡುಗೆಯವರನ್ನೂ ಜೊತೆಗೇ ಕರ್ಕೊಂಡು ಹೋಗಿ ಎಲ್ಲ ಕಡೆ ಅನ್ನ ಸಾರು ಹಾಕಿಸೋರು. ಒಂದು ದಿನ ಬಂದು "ಸಾರ್, ಅಕೌಂಟಲ್ಲಿ 42 ಲಕ್ಷ ಇದೆ, ಒಂದು ಕಾರ್ ತಗೊಳ್ಳಣ ಅಂತಿದೀನಿ" ಅಂದ್ರು. ಈ 42 ಲಕ್ಷದಲ್ಲಿ ಇನ್ನೂ ಯಾತ್ರೆಗೆ ಹೋಗದೆ ಇರೋರು ಕಟ್ಟಿದ್ದೆಷ್ಟು ಅಂತ ಕೇಳಿದೆ. ಅವರು ನೋಟ್‌ಬುಕ್ ತೆಗೆದು ಒಂದೊಂದೇ ಬ್ಯಾಚ್ ಕೂಡಿಸಿದ್ರು, 38 ಲಕ್ಷ ಬಂತು. ಹಂಗಾದ್ರೆ ನಿಮ್ದು ನಾಕೇ ಲಕ್ಷ ಅಂದೆ. ಸ್ವಲ್ಪ ಹೊತ್ತು ಅವರು ಮಾತೇ ಆಡಲಿಲ್ಲ. ಮೋಸ ಮಾಡೋ ಉದ್ದೇಶ ಒಂಚೂರೂ ಇಲ್ಲದ ಮನುಷ್ಯನೂ ಬ್ಯಾಂಕ್ ಬ್ಯಾಲೆನ್ಸ್ ನೋಡಿ ಅದೆಲ್ಲ ತಂದೇ ಅನ್ಕೋತಾನೆ, ಹಿಂದಿನ ಬ್ಯಾಚಿನ ಹೋಟೆಲ್ ಬಿಲ್ಲಿಗೆ ಮುಂದಿನ ಬ್ಯಾಚಿನ ಅಡ್ವಾನ್ಸ್ ಕೊಡ್ತಾನೆ, ಬುಕಿಂಗ್ ಬರ್ತಾ ಇರೋವರೆಗೂ ಗೊತ್ತೇ ಆಗಲ್ಲ. ಅವತ್ತೇ ಎರಡನೇ ಅಕೌಂಟ್ ತೆಗೆಸಿದ್ವಿ, ಹೊರಡದ ಬ್ಯಾಚಿನ ದುಡ್ಡು ಅದರಲ್ಲೇ ಇರಬೇಕು, ಆ ಬ್ಯಾಚಿನ ಖರ್ಚು ಬಿಟ್ಟು ಬೇರೆದಕ್ಕೆ ಮುಟ್ಟಂಗಿಲ್ಲ ಅಂತ. 2020ರ ಮಾರ್ಚಲ್ಲಿ ಲಾಕ್‌ಡೌನ್ ಆದಾಗ ಮೇ ತಿಂಗಳ ಚಾರ್‌ಧಾಮ್ ಬ್ಯಾಚಿನೋರಿಗೆಲ್ಲ ಅವರು ದುಡ್ಡು ವಾಪಸ್ ಕೊಟ್ಟಿದ್ದು ಆ ಅಕೌಂಟಿಂದ.

ಬ್ರಿಟನ್ನಲ್ಲಿ ಇದನ್ನ ಆಪರೇಟರ್ ಮನಸ್ಸಿಗೆ ಬಿಟ್ಟಿಲ್ಲ, ಕಾನೂನೇ ಇದೆ. ಅಟಾಲ್ ಅಂತಾರೆ, ವಿಮಾನ ಸೇರಿರೋ ಪ್ಯಾಕೇಜ್ ಮಾರೋ ಕಂಪನಿಗೆ ಬೇಕೇ ಬೇಕಾದ ಲೈಸೆನ್ಸ್, ಶುರುವಾಗಿದ್ದು 1973ರಲ್ಲಿ, ಮುಂದಿನ ವರ್ಷವೇ ಕೋರ್ಟ್ ಲೈನ್ ಅನ್ನೋ ದೊಡ್ಡ ಕಂಪನಿ ಮುಳುಗಿ ಸಾವಿರಾರು ಜನ ಸಿಕ್ಕಾಕೊಂಡಾಗ ಇಂಥದ್ದಕ್ಕೆ ಅಂತಾನೇ ಒಂದು ನಿಧಿ ಬೇಕು ಅಂತ ಅವರಿಗೆ ಮನವರಿಕೆ ಆಯ್ತು. ಈಗ ಪ್ರತಿ ಗಿರಾಕಿಗೆ ಎರಡೂವರೆ ಪೌಂಡ್ ನಿಧಿಗೆ ಹೋಗುತ್ತೆ. ಆ ಚಿಲ್ಲರೆ ಕಾಸು, ಜೊತೆಗೆ ಸರ್ಕಾರದ ದುಡ್ಡು ಸೇರಿ ಆಗಿದ್ದೇನು ನೋಡಿ: ಥಾಮಸ್ ಕುಕ್ ಮುಳುಗಿದ ದಿನಾನೇ ಅಲ್ಲಿನ ಸಿವಿಲ್ ಏವಿಯೇಷನ್ ಅಥಾರಿಟಿ ಆಪರೇಷನ್ ಮ್ಯಾಟರ್‌ಹಾರ್ನ್ ಅಂತ ಹೆಸರಿಟ್ಟು ಬೇರೆ ಬೇರೆ ಏರ್‌ಲೈನ್‌ನಿಂದ ವಿಮಾನ ಬಾಡಿಗೆಗೆ ತಂದು ಎರಡು ವಾರದಲ್ಲಿ 1,40,000 ಜನರನ್ನ ಮನೆ ಸೇರಿಸ್ತು. ಯುದ್ಧ ಇಲ್ಲದ ಕಾಲದಲ್ಲಿ ಬ್ರಿಟನ್ ಇಷ್ಟು ಜನರನ್ನ ವಾಪಸ್ ಕರೆಸಿದ್ದು ಅದೇ ಮೊದಲು. ಇನ್ನೂ ಹೊರಡದವರಿಗೆ ಕಟ್ಟಿದ ದುಡ್ಡು ವಾಪಸ್. ಜರ್ಮನಿಲಿ ಇನ್ಶೂರೆನ್ಸ್ ಪದ್ಧತಿ ಇತ್ತು, ಆದ್ರೆ ಅದಕ್ಕೆ 11 ಕೋಟಿ ಯೂರೋ ಅಂತ ಮಿತಿ, ಅದು ಯಾವ ಮೂಲೆಗೂ ಸಾಕಾಗಲಿಲ್ಲ, ಕೊನೆಗೆ ಸರ್ಕಾರಾನೇ ಮಿಕ್ಕಿದ್ದು ತುಂಬೋಕೆ ಒಪ್ಪಬೇಕಾಯ್ತು. ಹೋಟೆಲ್‌ನವರಿಗೆ ಮಾತ್ರ ಯಾವ ನಿಧಿನೂ ಇರಲಿಲ್ಲ, ಸ್ಪೇನ್ ಗ್ರೀಸ್‌ನಲ್ಲಿ ಎಷ್ಟೋ ಜನಕ್ಕೆ ಇಡೀ ಬೇಸಿಗೆ ದುಡಿದ ದುಡ್ಡು ಹೋಯ್ತು.

ನಮ್ಮಲ್ಲಿ ಅಟಾಲ್ ಥರದ್ದು ಇಲ್ಲ. ಅದೇ 2019ರಲ್ಲಿ ನಮ್ಮ ದೇಶದಲ್ಲೇ ಕಾಕ್ಸ್ ಅಂಡ್ ಕಿಂಗ್ಸ್ ಅನ್ನೋ ಟೂರ್ ಕಂಪನಿ ಮುಳುಗಿದ್ದನ್ನ ಜನ ಮರೆತೇ ಬಿಟ್ಟಿದಾರೆ. ಅದು 1758ರಿಂದ ಇದ್ದ ಹೆಸರು, ಥಾಮಸ್ ಕುಕ್‌ಗಿಂತ 80 ವರ್ಷ ಹಿರಿದು. ಅವರೂ 2011ರಲ್ಲಿ ಬ್ರಿಟನ್ನಿನ ಹಾಲಿಡೇಬ್ರೇಕ್ ಅನ್ನೋ ದೊಡ್ಡ ಕಂಪನಿ ಕೊಂಡಿದ್ರು, ಸಾಲ ಬೆಳೀತು, 2019ರ ಜೂನಲ್ಲಿ ಸಾಲದ ಕಂತು ಕಟ್ಟೋಕಾಗದೆ ಬಿತ್ತು, ಅಕ್ಟೋಬರಲ್ಲಿ ಎನ್‌ಸಿಎಲ್‌ಟಿಗೆ, ಅಂದ್ರೆ ದಿವಾಳಿಯಾದ ಕಂಪನಿಗಳ ಕೇಸ್ ನೋಡೋ ನ್ಯಾಯಮಂಡಳಿಗೆ ಹೋಯ್ತು. ಒಂದು ಸಲ ಕೇಸ್ ಅಲ್ಲಿಗೆ ಹೋದ್ರೆ ಕಂಪನಿ ಮೇಲೆ ಬೇರೆ ಕೋರ್ಟಲ್ಲಿ ನೀವು ಹಾಕಿರೋ ಕೇಸೆಲ್ಲ ಅಲ್ಲಲ್ಲೇ ನಿಲ್ಲುತ್ತೆ, ಅಡಮಾನ ಇಟ್ಕೊಂಡ ಬ್ಯಾಂಕ್‌ಗಳು ಸಾಲಿನ ಮುಂದೆ, ಅಡ್ವಾನ್ಸ್ ಕಟ್ಟಿದ ಮೇಷ್ಟ್ರು ಸಾಲಿನ ಹಿಂದೆ. ಇದು ಬದಲಾಗಬೇಕು ಅಂತ ನಾನು ಬಲವಾಗಿ ನಂಬ್ತೀನಿ, ತಲೆಗೆ ಇಷ್ಟು ಅಂತ ಎತ್ತಿಟ್ಟು ಒಂದು ನಿಧಿ ಮಾಡೋದು ದೊಡ್ಡ ಕಷ್ಟ ಏನಲ್ಲ, ರಿಟೈರ್ಡ್ ಆದವರು ಗ್ರಾಚುಯಿಟಿ ದುಡ್ಡಲ್ಲಿ ಜೀವನದಲ್ಲಿ ಒಂದೇ ಸಲ ಫಾರಿನ್ ನೋಡೋಕೆ ಹೊರಡ್ತಾರೆ, ಅವರಿಗೆ ಅಷ್ಟಾದ್ರೂ ಬೇಡ್ವಾ?

ಅಲ್ಲಿವರೆಗೂ ನಾವೇ ನೋಡ್ಕೋಬೇಕು. ಆರು ತಿಂಗಳ ಮುಂಚೆ ಪೂರ್ತಿ ಕಟ್ಟಿದ್ರೆ ಭಾರಿ ಡಿಸ್ಕೌಂಟ್ ಅಂದ್ರೆ ನಂಗೆ ಮೊದಲು ಅನುಮಾನ ಬರುತ್ತೆ, ಆ ಕಂಪನಿಗೆ ಇವತ್ತು ಕ್ಯಾಶ್ ಬೇಕಾಗಿದೆ, ಯಾಕೆ ಬೇಕಾಗಿದೆ? ಆದಷ್ಟು ಕಂತಲ್ಲಿ ಕಟ್ಟಿ, ಕ್ರೆಡಿಟ್ ಕಾರ್ಡಲ್ಲಿ ಕಟ್ಟಿದ್ರೆ ಸೇವೆ ಸಿಗದೆ ಹೋದಾಗ ಚಾರ್ಜ್‌ಬ್ಯಾಕ್, ಅಂದ್ರೆ ಕಾರ್ಡ್ ಕೊಟ್ಟ ಬ್ಯಾಂಕ್ ಮೂಲಕ ದುಡ್ಡು ವಾಪಸ್ ಕೇಳೋಕೆ ಒಂದು ದಾರಿನಾದ್ರೂ ಇರುತ್ತೆ, ಕ್ಯಾಶ್ ಕೊಟ್ರೆ ಅದೂ ಇಲ್ಲ. ಕೊನೆ ಕಂತಿಗೆ ಮುಂಚೆ ವಿಮಾನದ ಟಿಕೆಟ್ ಕೇಳಿ, ಪಿಎನ್‌ಆರ್ ಕೊಟ್ರೆ ಸುಮ್ಮನಾಗಬೇಡಿ. ಪಿಎನ್‌ಆರ್ ಅಂದ್ರೆ ಸೀಟ್ ಹಿಡಿದಿಟ್ಟಿದಾರೆ ಅಂತ ಮಾತ್ರ, ಏರ್‌ಲೈನಿಗೆ ದುಡ್ಡು ಹೋಗಿದ್ರೆ 13 ಅಂಕಿಯ ಟಿಕೆಟ್ ನಂಬರ್ ಇರುತ್ತೆ, ಏರ್‌ಲೈನ್ ವೆಬ್‌ಸೈಟಲ್ಲಿ ಬುಕಿಂಗ್ ತೆಗೆದು ನೀವೇ ನೋಡಬಹುದು.

ಈ ವರ್ಷ ಬಾಗಿಲ ಹತ್ರ ನಿಂತು ಕೇಳಿದ ಮೇಷ್ಟ್ರಿಗೆ ನಾನು ಹೇಳಿದ್ದೂ ಇದೇ. ಅವರು ಹೋಗಿ ಟಿಕೆಟ್ ನಂಬರ್ ಕೇಳಿದ್ರಂತೆ, ಕೌಂಟರಲ್ಲಿದ್ದ ಹುಡುಗ ಇದನ್ನ ಯಾರೂ ಕೇಳಲ್ಲ ಸಾರ್ ಅಂದನಂತೆ. ನಾಕು ದಿನ ಬಿಟ್ಟು ನಂಬರ್ ಬಂತು, ಮಗಳ ಕೈಲಿ ಚೆಕ್ ಮಾಡಿಸಿ, ಬಾಕಿ ದುಡ್ಡು ಆಮೇಲೆ ಕಟ್ಟಿದ್ರು.